ಚಿಪ್‌ಸೆಟ್: ಯಾವ ದೋಷ ಅದರದು, ಯಾವುದು ಅಲ್ಲ

ಹೊಸದಾಗಿ ಜೋಡಿಸಿದ ಡೆಸ್ಕ್‌ಟಾಪ್ ಚಾಲೂ ಆಗದಿದ್ದಾಗ ಬೆಳಗಾವಿಯ ರಿಪೇರಿ ಅಂಗಡಿಗಳಲ್ಲಿ ಬಹುಬೇಗ ಕೇಳಿಬರುವ ಮಾತು "ಚಿಪ್‌ಸೆಟ್ ಹೋಗೇತ್ರಿ, ಬೋರ್ಡ್ ಬದಲಿ ಮಾಡಬೇಕ್ರಿ" ಎಂಬುದು. ಈ ಮಾತು ನಿಜವಾಗಿರುವ ಸಂದರ್ಭಗಳು ಇವೆಯಾದರೂ ಅವು ಕಡಿಮೆ. ಚಿಪ್‌ಸೆಟ್ ಏನು ಕೆಲಸ ಮಾಡುತ್ತದೆ, ಅದಕ್ಕೆ ಏನೇನು ಜೋಡಿಸಿಕೊಂಡಿರುತ್ತದೆ ಎಂಬುದು ತಿಳಿದಿದ್ದರೆ ಆ ತೀರ್ಪನ್ನು ಒಪ್ಪಬೇಕೋ ಬೇಡವೋ ಎಂದು ಗ್ರಾಹಕನೇ ಅರ್ಧದಷ್ಟು ನಿರ್ಧರಿಸಬಹುದು.

ಮದರ್‌ಬೋರ್ಡಿನಲ್ಲಿ ಪ್ರೊಸೆಸರಿಗೂ ಉಳಿದ ಸಲಕರಣೆಗಳಿಗೂ ನಡುವೆ ದತ್ತಾಂಶವನ್ನು ಹಂಚುವ ಚಿಪ್ಪನ್ನು ಚಿಪ್‌ಸೆಟ್ ಎನ್ನುತ್ತಾರೆ. ಹಿಂದೆ ಇವು ಎರಡಿದ್ದವು: ಮೆಮೊರಿ (ರ್‍ಯಾಮ್) ಮತ್ತು ಗ್ರಾಫಿಕ್ಸ್ ಕಾರ್ಡನ್ನು ನೋಡಿಕೊಳ್ಳುವ ನಾರ್ತ್‌ಬ್ರಿಡ್ಜ್ ಹಾಗೂ ಹಾರ್ಡ್‌ಡಿಸ್ಕ್, ಯುಎಸ್‌ಬಿ, ಧ್ವನಿ ಮೊದಲಾದವುಗಳನ್ನು ನೋಡಿಕೊಳ್ಳುವ ಸೌತ್‌ಬ್ರಿಡ್ಜ್. ಮೆಮೊರಿ ನಿಯಂತ್ರಕವನ್ನು ಎಎಂಡಿ 2003ರಲ್ಲಿ ಅಥ್ಲಾನ್ 64ರ ಮೂಲಕವೂ ಇಂಟೆಲ್ 2008ರಲ್ಲಿ ಮೊದಲ ತಲೆಮಾರಿನ ಕೋರ್ ಐ7ರ ಮೂಲಕವೂ ಪ್ರೊಸೆಸರಿನೊಳಗೇ ತಂದವು. ಮುಂದೆ ಗ್ರಾಫಿಕ್ಸ್ ಕಾರ್ಡಿನ ದಾರಿಯೂ ಅಲ್ಲಿಗೇ ಸೇರಿತು. ಇಂದು ಎಚ್610, ಬಿ660, ಬಿ550 ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಉಳಿದ ಒಂದು ಚಿಪ್ಪಿನ ಹೆಸರು. ಬೋರ್ಡಿನ ಕೆಳಗಿನ ಬಲಮೂಲೆಯ ಹತ್ತಿರ, ಚಿಕ್ಕದೊಂದು ಲೋಹದ ಹೀಟ್‌ಸಿಂಕಿನ ಅಡಿಯಲ್ಲಿ ಅದು ಕುಳಿತಿರುತ್ತದೆ.

ಈ ಇತಿಹಾಸದಿಂದ ದೋಷ ಹುಡುಕುವವರಿಗೆ ನೇರವಾದ ಉಪಯೋಗವಿದೆ. ರ್‍ಯಾಮ್ ಗುರುತಿಸದಿದ್ದರೆ ಅದಕ್ಕೆ ಕಾರಣ ಚಿಪ್‌ಸೆಟ್ ಆಗಿರಲಾರದು, ಏಕೆಂದರೆ ಆ ದಾರಿಯಲ್ಲಿ ಅದು ಈಗ ಇಲ್ಲವೇ ಇಲ್ಲ; ರ್‍ಯಾಮ್ ಕಡ್ಡಿ, ಸ್ಲಾಟು, ಪ್ರೊಸೆಸರ್ ಅಥವಾ ಸಾಕೆಟ್ಟಿನ ಬಾಗಿದ ಪಿನ್ನನ್ನು ನೋಡಬೇಕು. ಮೊದಲ ಉದ್ದನೆಯ ಸ್ಲಾಟಿನ ಗ್ರಾಫಿಕ್ಸ್ ಕಾರ್ಡಿಗೂ ಇದೇ ಮಾತು ಸಲ್ಲುತ್ತದೆ. ಡಿಸ್ಕುಗಳನ್ನು ಕೇಬಲಿನಿಂದ ಜೋಡಿಸುವ ಸಾಟಾ ಪೋರ್ಟುಗಳು, ಹೆಚ್ಚಿನ ಯುಎಸ್‌ಬಿ ಪೋರ್ಟುಗಳು, ಬೋರ್ಡಿನ ನೆಟ್‌ವರ್ಕ್ ಮತ್ತು ಧ್ವನಿ ಚಿಪ್ಪುಗಳು ಮಾತ್ರ ಸಾಮಾನ್ಯವಾಗಿ ಚಿಪ್‌ಸೆಟ್ಟಿನ ಮೂಲಕವೇ ಪ್ರೊಸೆಸರನ್ನು ತಲುಪುತ್ತವೆ. ಲೋಂಡಾ ಜಂಕ್ಷನ್ನಿನಲ್ಲಿ ಹಳಿ ಕೆಟ್ಟರೆ ಗೋವಾ ಕಡೆಯಿಂದ ಬರುವ ಗಾಡಿಗಳೆಲ್ಲ ಒಟ್ಟಿಗೆ ನಿಲ್ಲುತ್ತವೆಯೇ ಹೊರತು ಒಂದೇ ಗಾಡಿ ತಡವಾಗುವುದಿಲ್ಲ. ಹಾಗೆಯೇ ಒಂದು ಸಾಟಾ ಡಿಸ್ಕ್ ಮಾತ್ರ ಕಾಣದಿದ್ದರೆ ಕೇಬಲನ್ನು ಸಂಶಯಿಸಬೇಕು. ಡಿಸ್ಕುಗಳು, ಯುಎಸ್‌ಬಿ, ನೆಟ್‌ವರ್ಕ್ ಮೂರೂ ಒಂದೇ ಹೊತ್ತಿಗೆ ಮಾಯವಾದರೆ ಆಗ ಚಿಪ್‌ಸೆಟ್ಟನ್ನು ಸಂಶಯಿಸಬೇಕು.

ಎಸ್‌ಎಸ್‌ಡಿಯನ್ನು ನೇರವಾಗಿ ಬೋರ್ಡಿಗೇ ಸಿಕ್ಕಿಸುವ ಎಂ.2 ಸ್ಲಾಟುಗಳು ಎರಡಿರುವ ಬೋರ್ಡುಗಳಲ್ಲಿ ಈ ಪರೀಕ್ಷೆ ಇನ್ನೂ ಸುಲಭ. ಬಿ550 ಅಥವಾ ಬಿ660ರಲ್ಲಿ ಮೊದಲ ಸ್ಲಾಟು ಸಾಮಾನ್ಯವಾಗಿ ಪ್ರೊಸೆಸರಿಗೂ ಎರಡನೆಯದು ಚಿಪ್‌ಸೆಟ್ಟಿಗೂ ಜೋಡಿಸಿರುತ್ತದೆ. ಅದೇ ಎಸ್‌ಎಸ್‌ಡಿ ಮೊದಲನೆಯದರಲ್ಲಿ ನಡೆದು ಎರಡನೆಯದರಲ್ಲಿ ನಡೆಯದಿದ್ದರೆ ಒಂದು ಸುಳಿವು ಸಿಕ್ಕಂತೆ. ಆದರೆ ಎಚ್610 ಬೋರ್ಡುಗಳಲ್ಲಿ ಎಂ.2 ಸ್ಲಾಟು ಚಿಪ್‌ಸೆಟ್ಟಿನಿಂದಲೇ ಬರುವುದರಿಂದ ಅಲ್ಲಿ ಈ ಉಪಾಯ ನಡೆಯದು. ಇನ್ನು ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ಬಂದ್ ಆಗುವಂತೆ ವಿನ್ಯಾಸ ಮಾಡಿರುತ್ತಾರೆ; ಅದು ದೋಷವಲ್ಲ, ಬೋರ್ಡಿನ ಕೈಪಿಡಿಯಲ್ಲಿ ಬರೆದೇ ಇರುತ್ತದೆ. ಕೈಪಿಡಿಯನ್ನು ಪೆಟ್ಟಿಗೆಯೊಡನೆ ಅಟ್ಟಕ್ಕೆ ಹಾಕುವ ರೂಢಿ ನಮ್ಮಲ್ಲಿ ಹೆಚ್ಚು ಎಂದು ಕಾಣುತ್ತದೆ.

ಬೋರ್ಡು ಪೂರ್ತಿ ಸತ್ತಂತಿದ್ದರೆ ವಿಚಾರ ಬೇರೆ. ಇಂಟೆಲ್ ಬೋರ್ಡುಗಳಲ್ಲಿ ಪವರ್ ಬಟನ್ನಿನ ಸಂಕೇತವನ್ನು ಸ್ವೀಕರಿಸುವುದು, ರೀಸೆಟ್ ಸಂಕೇತ ಬಿಡುವುದು, ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಇರುವ ಚಿಪ್ಪನ್ನು ಓದಿಸುವುದು ಚಿಪ್‌ಸೆಟ್ಟಿನ ಹೊಣೆಯಾದ್ದರಿಂದ ಅದು ಸುಟ್ಟರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಆದರೂ ಹೊಸ ಜೋಡಣೆಯಲ್ಲಿ ಪರದೆ ಕಪ್ಪಾಗಿರಲು ಇದಕ್ಕಿಂತ ಸಾಮಾನ್ಯವಾದ ಕಾರಣವೆಂದರೆ ಹಳೆಯ ಬಯೋಸ್. ಬಿ450 ಬೋರ್ಡು 2018ರದು, ಅದರಲ್ಲಿ ಕೂರುವ ಎಎಂಡಿಯ ರೈಜೆನ್ 5000 ಪ್ರೊಸೆಸರ್ ಸರಣಿ 2020ರದು. ಬಯೋಸ್ ಅಪ್‌ಡೇಟ್ ಆಗದ ಬೋರ್ಡಿಗೆ ಆ ಪ್ರೊಸೆಸರಿನ ಗುರುತೇ ಸಿಗುವುದಿಲ್ಲ, ಫ್ಯಾನು ಮಾತ್ರ ತಿರುಗುತ್ತಿರುತ್ತದೆ.

ಸುಟ್ಟ ಚಿಪ್‌ಸೆಟ್ಟನ್ನು ಗುರುತಿಸಲು ಕೈಯೇ ಒಂದು ಸಾಧನ. ಪ್ಲಗ್ ಹಾಕಿ, ಸ್ವಿಚ್ಚು ಒತ್ತದೆ, ಕೆಲ ನಿಮಿಷ ಹಾಗೇ ಬಿಡಬೇಕು. ಆಗಲೂ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತು ಬೋರ್ಡಿಗೆ ಹರಿಯುತ್ತಿರುತ್ತದೆ. ಬಳಿಕ ಪ್ಲಗ್ ತೆಗೆದು ಹೀಟ್‌ಸಿಂಕಿಗೆ ಬೆರಳಿಟ್ಟಾಗ ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳು ತಟ್ಟನೆ ಹಿಂದಕ್ಕೆ ಬಂದರೆ ಒಳಗೆ ಶಾರ್ಟ್ ಆಗಿರುವ ಸಂಭವ ಹೆಚ್ಚು. ಮಲ್ಟಿಮೀಟರ್ ಇದ್ದವರು ವಿದ್ಯುತ್ ಪೂರ್ತಿ ತೆಗೆದು, ಡಯೋಡ್ ಮೋಡಿನಲ್ಲಿ ಕೆಂಪು ಕಡ್ಡಿಯನ್ನು ಗ್ರೌಂಡಿಗೂ ಕಪ್ಪು ಕಡ್ಡಿಯನ್ನು ಪ್ರತಿ ಯುಎಸ್‌ಬಿ ಪೋರ್ಟಿನ ದತ್ತಾಂಶದ ಪಿನ್ನುಗಳಿಗೂ ಹಿಡಿದು ನೋಡಬಹುದು. ಒಂದೇ ಬಗೆಯ ಪೋರ್ಟುಗಳಲ್ಲೆಲ್ಲ ಅಂಕಿ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದರಲ್ಲಿ ಮಾತ್ರ ಸೊನ್ನೆಯ ಹತ್ತಿರ ಬಂದರೆ ಪೆಟ್ಟು ಆ ದಾರಿಯಲ್ಲೇ ಬಿದ್ದಿದೆ.

ಯುಎಸ್‌ಬಿ ದಾರಿಯಲ್ಲಿ ಪೆಟ್ಟು ಬೀಳಲು ನಮ್ಮ ಕಡೆ ಒಂದು ಕಾರಣ ಹೆಚ್ಚು ಗಮನಕ್ಕೆ ಬರಬೇಕು. ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಪಿಸಿ ಹಾಕಿದಾಗ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಕ್ಯಾಬಿನೆಟ್ಟಿನ ಲೋಹದ ಮೇಲೆ ಮೇನ್ಸಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್, ನಿಲ್ಲುತ್ತದೆ. ಪ್ರವಾಹ ತೀರಾ ಅಲ್ಪವಾದ್ದರಿಂದ ಮುಟ್ಟಿದವರಿಗೆ ಜುಮ್ಮೆನ್ನುವುದಷ್ಟೇ ಆದರೂ, ಅರ್ಥಿಂಗ್ ಇರುವ ಬೇರೊಂದು ಸಲಕರಣೆಯನ್ನು ಯುಎಸ್‌ಬಿಗೆ ಸಿಕ್ಕಿಸುವ ಕ್ಷಣದಲ್ಲಿ ಅದು ಪೋರ್ಟಿನ ಮೂಲಕ ಚಿಪ್‌ಸೆಟ್ಟಿಗೆ ಹಾನಿ ಮಾಡಬಲ್ಲದು. ವಿಜಯಪುರದ ಒಣ ಹವೆಯಲ್ಲಿ ಇದಕ್ಕೆ ಮೈಮೇಲಿನ ಸ್ಥಿರ ವಿದ್ಯುತ್ತೂ ಸೇರಿಕೊಳ್ಳುತ್ತದೆ. ಹೀಗಾಗಿ ಬೋರ್ಡು ಬದಲಿಸುವುದಕ್ಕೆ ಮೊದಲು ಮನೆಯ ಸಾಕೆಟ್ಟಿನ ಮೂರನೆಯ ರಂಧ್ರದಲ್ಲಿ ತಂತಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸುವುದು ಒಳ್ಳೆಯದು, ಇಲ್ಲದಿದ್ದರೆ ಹೊಸ ಬೋರ್ಡಿಗೂ ಅದೇ ಗತಿ ಬಂದೀತು.

ತಯಾರಿಕೆಯಲ್ಲೇ ದೋಷವಿದ್ದ ಉದಾಹರಣೆಯೂ ಇದೆ. ಇಂಟೆಲ್ 2011ರ ಜನವರಿ 31ರಂದು ತನ್ನ 6ನೆಯ ಸರಣಿಯ ಚಿಪ್‌ಸೆಟ್ಟುಗಳಲ್ಲಿ (ಪಿ67, ಎಚ್67) ಸಾಟಾ ಪೋರ್ಟುಗಳು ಕಾಲಕ್ರಮದಲ್ಲಿ ಕ್ಷೀಣಿಸಬಹುದೆಂದು ಪ್ರಕಟಿಸಿ, ರವಾನೆ ನಿಲ್ಲಿಸಿ, ದುರಸ್ತಿ ಮತ್ತು ಬದಲಾವಣೆಗೆ ಸುಮಾರು 70 ಕೋಟಿ ಡಾಲರ್ ವೆಚ್ಚವಾಗಬಹುದೆಂದು ಅಂದಾಜಿಸಿತು. ತೊಂದರೆ ಇದ್ದದ್ದು 3 ಗಿಗಾಬಿಟ್ ವೇಗದ ನಾಲ್ಕು ಪೋರ್ಟುಗಳಲ್ಲಿ ಮಾತ್ರ. 6 ಗಿಗಾಬಿಟ್ಟಿನ ಎರಡು ಪೋರ್ಟುಗಳು ಸರಿಯಾಗಿದ್ದವು. ಅಂದರೆ ಚಿಪ್‌ಸೆಟ್ ಒಂದು ಭಾಗದಲ್ಲಷ್ಟೇ ಕೆಡುವುದೂ ಉಂಟು.

ಹಾಗೆ ಯುಎಸ್‌ಬಿ ಅಥವಾ ಸಾಟಾ ಭಾಗವಷ್ಟೇ ಕೆಟ್ಟು ಉಳಿದದ್ದು ನಡೆಯುತ್ತಿದ್ದರೆ, ಖಾಲಿ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಒಂದು ಯುಎಸ್‌ಬಿ ಅಥವಾ ಸಾಟಾ ಕಾರ್ಡ್ ಹಾಕಿ ಬೋರ್ಡನ್ನು ಇನ್ನೂ ಕೆಲಕಾಲ ಬಳಸಬಹುದು. ಚಿಪ್ಪು ಪೂರ್ತಿ ಹೋಗಿದ್ದರೆ ಅದರ ಅಡಿಯ ನೂರಾರು ಬೆಸುಗೆ ಗುಂಡುಗಳನ್ನು ಕರಗಿಸಿ ಬೇರೆ ಚಿಪ್ಪು ಕೂರಿಸಲು ಬಿಜಿಎ ಯಂತ್ರವೇ ಬೇಕು, ಕಡಿಮೆ ಬೆಲೆಯ ಬೋರ್ಡಿಗೆ ಆ ಖರ್ಚು ಹೊಂದುವುದಿಲ್ಲ. ವಾರಂಟಿ ಉಳಿದಿದ್ದರೆ ಅದೇ ದಾರಿ. ಪಿನ್ನು ಬಾಗಿದೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕಾರವಾಗುವುದುಂಟಾದ್ದರಿಂದ, ಬೋರ್ಡನ್ನು ಕೊಡುವ ಮುನ್ನ ಸಾಕೆಟ್ಟಿನ ಪಿನ್ನುಗಳೂ ಸೀರಿಯಲ್ ನಂಬರಿನ ಚೀಟಿಯೂ ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ಸಾಕೆಟ್ಟಿಗೆ ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಕೊಡಬೇಕು.