ಕಾಲೇಜಿನಲ್ಲಿ ಡರ್ಮಟಾಲಜಿ ವಿಭಾಗವೇ ಇಲ್ಲ, ರೆಸಿಡೆನ್ಸಿಗೆ ತಯಾರಿ ಹೇಗೆ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಮೆಡಿಕಲ್ ಎರಡನೇ ವರ್ಷ ಓದುತ್ತಿದ್ದಾಳೆ. ಅವಳಿಗೆ ಡರ್ಮಟಾಲಜಿಯೇ (ಚರ್ಮರೋಗ ಚಿಕಿತ್ಸೆ) ಬೇಕಂತೆ. ಆದರೆ ಅವಳ ಕಾಲೇಜಿನಲ್ಲಿ ಆ ವಿಭಾಗವೇ ಇಲ್ಲ. ಹೋಮ್ ಪ್ರೋಗ್ರಾಂ (ಸ್ವಂತ ಕಾಲೇಜಿನಲ್ಲೇ ಆ ವಿಭಾಗ) ಇಲ್ಲದವರಿಗೆ ರೆಸಿಡೆನ್ಸಿ, ಅಂದರೆ ಡಿಗ್ರಿ ಮುಗಿದ ಮೇಲಿನ ತಜ್ಞ ತರಬೇತಿಯ ಸೀಟು ಕಷ್ಟ ಅಂತ ಸೀನಿಯರ್‌ಗಳು ಹೆದರಿಸಿದ್ದಾರೆ. ಒಳ್ಳೆಯ ಅಂಕ ತೆಗೆದರೆ ಸಾಕಲ್ವಾ?

ಉತ್ತರ: ಅಂಕ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಕರ್ನಾಟಕದಲ್ಲಿ ನೀಟ್ ಪಿಜಿ ರ‍್ಯಾಂಕ್ ಬಂದರೆ ಕೆಇಎ ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸಿಕೊಂಡು ಮುಗಿಸಬಹುದು. ಯಾವ ಪ್ರೊಫೆಸರ್ ನಿಮ್ಮನ್ನು ಬಲ್ಲರು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಅದನ್ನು ಕೇಳುತ್ತಾರೆ. 2022ರ ಜನವರಿಯಿಂದ ಅಲ್ಲಿನ ವೈದ್ಯಕೀಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಸ್ಟೆಪ್ 1ರಲ್ಲಿ ಅಂಕ ಕೊಡುವುದನ್ನೇ ನಿಲ್ಲಿಸಿ ಬರೀ ಪಾಸ್, ಫೇಲ್ ಮಾಡಿದ್ದಾರೆ. ಈಗ ಅಂಕ ಉಳಿದಿರುವುದು ಅದರ ಮುಂದಿನ ಹಂತವಾದ ಸ್ಟೆಪ್ 2 ಸಿಕೆಯಲ್ಲಿ. ಹಾಗಾಗಿ ಶಿಫಾರಸು ಪತ್ರ, ಸಂಶೋಧನೆ, ಪರಿಚಯ ಇವುಗಳ ತೂಕ ಹೆಚ್ಚಿದೆ.

ಸ್ವಂತ ವಿಭಾಗ ಇರುವ ಕಾಲೇಜಿನ ಹುಡುಗಿ ಮೊದಲ ವರ್ಷದಿಂದಲೇ ಆ ಕ್ಲಿನಿಕ್‌ನಲ್ಲಿ ಓಡಾಡುತ್ತಾಳೆ. ರೆಸಿಡೆಂಟ್‌ಗಳ ಪರಿಚಯವಾಗುತ್ತದೆ. ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ‘ಇವಳನ್ನು ನಾನು ಚೆನ್ನಾಗಿ ಬಲ್ಲೆ’ ಎಂದು ಬರೆಯುವವರು ಇಬ್ಬರೋ ಮೂವರೋ ಇರುತ್ತಾರೆ. ನಿಮ್ಮ ಮಗಳು ಈಗಿನಿಂದಲೇ ಹುಡುಕಬೇಕಾದದ್ದು ಅಂಥ ಇಬ್ಬರು ಮೂವರನ್ನು. ಎರಡನೇ ವರ್ಷದಲ್ಲೇ ಕೇಳಿದ್ದೀರಿ, ತುಂಬ ಒಳ್ಳೆಯದಾಯಿತು.

ಹತ್ತಿರದಲ್ಲೇ ಶುರು ಮಾಡಲಿ. ಊರಿನಲ್ಲಿ ಸ್ವಂತ ಪ್ರಾಕ್ಟೀಸ್ ಇರುವ ಚರ್ಮದ ಡಾಕ್ಟರ್ ಇರುತ್ತಾರೆ. ಮಾಜಿ ಸೈನಿಕರ ವಿಎ ಆಸ್ಪತ್ರೆ ಇದ್ದರೆ ಅಲ್ಲಿಯೂ ಚರ್ಮದ ಕ್ಲಿನಿಕ್ ಇದೆಯೇ ವಿಚಾರಿಸಲಿ. ಹತ್ತು ಕಡೆ ಎರಡೆರಡು ದಿನ ನಿಂತು ಬರುವುದು ಬೇಡ. ಒಂದೇ ಕಡೆ ವಾರಕ್ಕೆ ಅರ್ಧ ದಿನ, ವರ್ಷವಿಡೀ ಹೋಗಲಿ. ಅಪರೂಪದ ಕೇಸ್ ಬಂದ ದಿನ ‘ಡಾಕ್ಟರ್, ಇದನ್ನು ಬರೆಯೋಣವೇ?’ ಎಂದು ಕೇಳುವ ಸಲುಗೆ ಬೆಳೆಯುವುದು ಹಾಗೆಯೇ. ರೋಗಿಯ ಒಪ್ಪಿಗೆ ಪಡೆದು, ಫೋಟೋ ತೆಗೆದು, ಒಂದು ಕೇಸ್ ರಿಪೋರ್ಟ್ ಬರೆದು ಮುಗಿಸಿದರೆ ಮುಂದಿನ ಸಂಶೋಧನೆ ಕೇಳಲು ಕೈಯಲ್ಲಿ ಏನೋ ಇರುತ್ತದೆ. ಅದನ್ನು ಹಿಡಿದು, ಡರ್ಮಟಾಲಜಿ ರೆಸಿಡೆನ್ಸಿ ಇರುವ ಹತ್ತಿರದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಇಮೇಲ್ ಬರೆಯಲಿ. ನಾಲ್ಕು ಸಾಲು ಸಾಕು. ನಮ್ಮಲ್ಲಿ ವಿಭಾಗ ಇಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಲಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಲಿ.

ಕಲಿಕೆಯ ಮಾತು. ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿಯ ‘ಬೇಸಿಕ್ ಡರ್ಮಟಾಲಜಿ ಕರಿಕ್ಯುಲಂ’ ಆನ್‌ಲೈನ್‌ನಲ್ಲಿ ಉಚಿತವಾಗಿದೆ. ಅದನ್ನು ಪೂರ್ತಿ ಮುಗಿಸಲಿ. ಆಮೇಲೆ ಕೈಕೆಲಸ. ಚರ್ಮದ ಶಿಲೀಂಧ್ರ ಸೋಂಕನ್ನು ಪತ್ತೆ ಮಾಡುವ ಕೆಒಎಚ್ ಪರೀಕ್ಷೆಯನ್ನೇ ನೋಡಿ: ಗಜಕರ್ಣದ ಅಂಚಿನಿಂದ ಬ್ಲೇಡಿನಲ್ಲಿ ಮೆಲ್ಲಗೆ ಹೊಟ್ಟು ಕೆರೆದು ಸ್ಲೈಡಿಗೆ ಹಾಕಬೇಕು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಕವರ್‌ಸ್ಲಿಪ್ ಮುಚ್ಚಬೇಕು, ತುಸು ಹೊತ್ತು ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಶಿಲೀಂಧ್ರದ ಕವಲೊಡೆದ ಎಳೆಗಳನ್ನು ಹುಡುಕಬೇಕು. ಹೇಳಿದರೆ ಸುಲಭ, ಆದರೆ ಜೀವಕೋಶಗಳ ಅಂಚೂ ಎಳೆಯ ಹಾಗೇ ಕಾಣುತ್ತದೆ. ಕಣ್ಣು ಪಳಗಲು ಸಮಯ ಬೇಕು. ಕಂದು ಚರ್ಮವನ್ನು ನೋಡಿ ಕಲಿಯುವುದೂ ಅಷ್ಟೇ ಮುಖ್ಯ. ಪುಸ್ತಕದಲ್ಲಿ ಕೆಂಪು ಎಂದು ಬರೆದಿರುವ ಉರಿಯೂತ ನಮ್ಮಂಥವರ ಮೈಮೇಲೆ ನೇರಳೆಯಾಗಿಯೋ ಗಾಢ ಕಂದಾಗಿಯೋ ಕಾಣಬಹುದು.

ಇನ್ನು ಅವೇ ರೊಟೇಶನ್. ಬೇರೆ ಆಸ್ಪತ್ರೆಯ ವಿಭಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಲಸ ಮಾಡುವುದು ಇದು. ಅರ್ಜಿ ಹೆಚ್ಚಾಗಿ ಇದಕ್ಕೆಂದೇ ಇರುವ ಆನ್‌ಲೈನ್ ವ್ಯವಸ್ಥೆಯಾದ ವಿಎಸ್‌ಎಲ್‌ಒ ಮೂಲಕ. ಲಸಿಕೆ ದಾಖಲೆ, ಹಿನ್ನೆಲೆ ಪರಿಶೀಲನೆ, ಕಾಲೇಜಿನ ಅನುಮತಿ ಎಲ್ಲ ಮೊದಲೇ ಸಿದ್ಧವಿರಲಿ. ಸುಮ್ನೆ ಒಂದು ಕಾಗದಕ್ಕಾಗಿ ಜಾಗ ಕೈತಪ್ಪುವುದು ಬೇಡ. ವಿಭಾಗ ಇಲ್ಲದವರ ಕಷ್ಟ ಅಲ್ಲಿನವರಿಗೂ ಗೊತ್ತು. 2020ರಲ್ಲಿ ಕೋವಿಡ್‌ನಿಂದಾಗಿ ಅವೇ ರೊಟೇಶನ್ ಬೇಡ ಎಂಬ ಸಲಹೆ ಬಂದಾಗಲೂ, ತಮ್ಮಲ್ಲಿ ಆ ವಿಷಯ ಕಲಿಯಲು ಅವಕಾಶ ಇಲ್ಲದವರಿಗೆ ವಿನಾಯಿತಿ ಇತ್ತು. ಹಾಗಾಗಿ ಅರ್ಜಿಯಲ್ಲೂ ಕೋಆರ್ಡಿನೇಟರ್‌ಗೆ ಬರೆಯುವ ಇಮೇಲ್‌ನಲ್ಲೂ ತನ್ನ ಕಾಲೇಜಿನಲ್ಲಿ ವಿಭಾಗ ಇಲ್ಲ ಎಂಬ ಮಾತು ಬರಲಿ. ನಾಲ್ಕು ವಾರದ ಬಾಡಿಗೆ ಹೊರೆಯಾಗುತ್ತದೆ. ಆ ಊರಿನ ಕನ್ನಡ ಕೂಟದವರನ್ನು ಕೇಳಿ ನೋಡಿ, ಒಂದು ರೂಮು ಸಿಕ್ಕರೂ ಸಿಗಬಹುದು.

ರೆಸಿಡೆನ್ಸಿಗೆ ಆನ್‌ಲೈನ್‌ನಲ್ಲಿ ಹಾಕುವ ಇರಾಸ್ ಅರ್ಜಿಯಲ್ಲಿ ಈಗ ಸಿಗ್ನಲ್ ಪದ್ಧತಿ ಇದೆ. ‘ನಿಮ್ಮಲ್ಲಿಗೆ ಬರಲು ನನಗೆ ಆಸಕ್ತಿ ಇದೆ’ ಎಂದು ಕೆಲವು ಕಡೆಗೆ ಮಾತ್ರ ತಿಳಿಸುವುದು ಅದು; ಗೋಲ್ಡ್ ಅಂದರೆ ಹೆಚ್ಚಿನ ಆಸಕ್ತಿ, ಸಿಲ್ವರ್ ಅದಕ್ಕಿಂತ ಕಡಿಮೆ. 2023-24ರ ಸಾಲಿನಲ್ಲಿ ಡರ್ಮಟಾಲಜಿಗೆ 3 ಗೋಲ್ಡ್, 25 ಸಿಲ್ವರ್ ಕೊಟ್ಟಿದ್ದರು. ನಿಯಮ ವರ್ಷ ವರ್ಷ ಬದಲಾಗಬಹುದು, ಅವಳ ಸಾಲಿನದ್ದನ್ನು ನೋಡಿಕೊಳ್ಳಲಿ. ಗೋಲ್ಡನ್ನು ಆಸ್ಪತ್ರೆಯ ಹೆಸರು ನೋಡಿ ಕೊಡುವುದು ನಷ್ಟ. ಅವಳ ಕೆಲಸವನ್ನು ಕಣ್ಣಾರೆ ಕಂಡವರಿಗೇ ಕೊಡಲಿ.

ಸಂಶೋಧನೆಗೆಂದು ಒಂದು ವರ್ಷ ಬಿಡುವು ತೆಗೆದುಕೊಳ್ಳುವವರೂ ಇದ್ದಾರೆ. ಕೆಲವು ಕಡೆ ಸಂಬಳವೇ ಇರುವುದಿಲ್ಲ. ಅಲ್ಲಿ ಹಿಂದೆ ಹೀಗೆ ಬಂದವರಿಗೆ ಸೀಟು ಸಿಕ್ಕಿತೇ ಎಂದು ಅವರನ್ನೇ ಕೇಳದೆ ಒಪ್ಪಿಕೊಳ್ಳಬಾರದು.

ಕೊನೆಯದಾಗಿ, ಡರ್ಮಟಾಲಜಿಯ ಮೂರು ವರ್ಷಕ್ಕೆ ಮುಂಚೆ ಒಂದು ವರ್ಷದ ಇಂಟರ್ನ್‌ಶಿಪ್ ಇದೆ, ಹೆಚ್ಚಿನ ಕಡೆ ಅದಕ್ಕೆ ಪ್ರತ್ಯೇಕ ಅರ್ಜಿ. ಇಂಟರ್ನಲ್ ಮೆಡಿಸಿನ್‌ಗೂ (ಡರ್ಮಟಾಲಜಿ ಸಿಗದಿದ್ದರೆ ಎಂದು) ಅರ್ಜಿ ಹಾಕಬೇಕೇ ಎಂಬುದನ್ನು ಕಾಲೇಜಿನ ಸಲಹೆಗಾರರ ಜೊತೆ ಮುಚ್ಚುಮರೆ ಇಲ್ಲದೆ ಮಾತಾಡಲಿ. ಇಂಟರ್ನ್‌ಶಿಪ್‌ಗೂ ಇಂಟರ್ನಲ್ ಮೆಡಿಸಿನ್‌ಗೂ ಒದಗುವಂತೆ ಮೆಡಿಸಿನ್ ಪ್ರೊಫೆಸರ್ ಒಬ್ಬರ ಪತ್ರ ಬೇಕು. ಮೂರನೇ ವರ್ಷದ ಮೆಡಿಸಿನ್ ರೊಟೇಶನ್ ಮುಗಿದ ವಾರವೇ ಅದನ್ನು ಕೇಳಿಡಲಿ.