ಗಾಲಿ ಕಳಚಿ ಟ್ರ್ಯಾಕ್ ತೊಡಿಸುವ ಮುನ್ನ

ಕೆನಡಾದ ಉತ್ತರ ಆಲ್ಬರ್ಟಾದಲ್ಲಿ ನವೆಂಬರ್ ಬಂತೆಂದರೆ ನಮ್ಮ ವರ್ಕ್‌ಶಾಪಿನ ಬಾಗಿಲಿಗೆ ಎಟಿವಿಗಳು, ಅಂದರೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಗಾಲಿಯ ಕಾಡುಮೇಡಿನ ಗಾಡಿಗಳು, ಸಾಲುಗಟ್ಟುತ್ತವೆ. ಬಹುಪಾಲಿನವಕ್ಕೆ ಒಂದೇ ಕೆಲಸ: ನಾಲ್ಕು ಗಾಲಿ ಬಿಚ್ಚಿ, ಆ ಜಾಗಕ್ಕೆ ನಾಲ್ಕು ರಬ್ಬರ್ ಟ್ರ್ಯಾಕ್ ಕೂರಿಸುವುದು. ಗಾಲಿಯನ್ನು ಹೊರುವ ನಡುಭಾಗವಾದ ಹಬ್ಬಿನ ಅದೇ ಸ್ಟಡ್‌ಗಳಿಗೆ ನಟ್ ಬಿಗಿಯುವುದನ್ನು ನೋಡಿ, ಇದು ಟೈರ್ ಬದಲಿಸಿದಷ್ಟೇ ಸಲೀಸು ಎಂದು ತಂದವರು ತಿಳಿಯುತ್ತಾರೆ. ಹಾಗಲ್ಲ. ಟ್ರ್ಯಾಕ್ ಹಾಕಿದೊಡನೆ ಗಾಡಿಯ ತೂಕ, ಗೇರ್ ಅನುಪಾತ, ಸ್ಟೇರಿಂಗ್ ಮೇಲಿನ ಹೊರೆ ಮೂರೂ ಬದಲಾಗುತ್ತವೆ. ಕಾರ್ಖಾನೆಯವರು ಗಾಲಿಗೆಂದು ಲೆಕ್ಕ ಹಾಕಿದ ಬೇರಿಂಗು, ಬಾಲ್ ಜಾಯಿಂಟು, ಹ್ಯಾಂಡಲಿನ ತಿರುವನ್ನು ಗಾಲಿಗೆ ಮುಟ್ಟಿಸುವ ಟೈ ರಾಡುಗಳೇ ಈ ಹೊಸ ಹೊರೆಯನ್ನೂ ಹೊರಬೇಕು.

ಟ್ರ್ಯಾಕಿನ ಲಾಭದ ಬಗ್ಗೆ ತಕರಾರಿಲ್ಲ. ಸವಾರನೂ ಸೇರಿ 450 ಕಿಲೋ ತೂಗುವ ಎಟಿವಿಯ ಒಂದೊಂದು ಟೈರು ಸುಮಾರು 400 ಚದರ ಸೆಂಟಿಮೀಟರ್ ನೆಲ ಮುಟ್ಟುತ್ತದೆ ಎಂದುಕೊಳ್ಳಿ. ಆಗ ಚದರ ಸೆಂಟಿಮೀಟರಿಗೆ 280 ಗ್ರಾಂ ಭಾರ ಬೀಳುತ್ತದೆ. ಟ್ರ್ಯಾಕ್ ಹಾಕಿದ ಮೇಲೆ ಒಟ್ಟು ತೂಕ 550 ಕಿಲೋಗೆ ಏರಿದರೂ, ಒಂದೊಂದು ಪಟ್ಟಿ 30 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಉದ್ದಕ್ಕೆ ನೆಲದ ಮೇಲೆ ಹರಡಿಕೊಂಡರೆ ಅದೇ ಭಾರ 60 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ನಡೆಯುವಾಗ ಮನುಷ್ಯನ ಪಾದ ಊರುವುದು ಇದರ ಹಲವು ಪಟ್ಟು. ಹಾಗಾಗಿಯೇ ಹೊಸ ಹಿಮದ ಮೇಲೆ ಹಾಯಾಗಿ ಬಂದ ಸವಾರ ಗಾಡಿಯಿಂದ ಕೆಳಗಿಳಿದೊಡನೆ ತೊಡೆಯವರೆಗೆ ಹೂತುಹೋಗುತ್ತಾನೆ.

ಊರಿನ ಗೆಳೆಯರು ಇದನ್ನು ಗಂಗಾವತಿ, ಸಿಂಧನೂರಿನ ಕೆಸರುಗದ್ದೆಗೆ ಇಳಿಯುವ ಭತ್ತದ ಚೈನ್ ಹಾರ್ವೆಸ್ಟರಿಗೆ ಹೋಲಿಸುತ್ತಾರೆ. ನೆಲದ ಮೇಲಿನ ಒತ್ತಡದ ಮಟ್ಟಿಗೆ ಅದು ಸರಿ. ತಿರುಗುವ ರೀತಿ ಮಾತ್ರ ಬೇರೆ. ಹಾರ್ವೆಸ್ಟರಿಗೆ ಇರುವುದು ಎರಡೇ ಪಟ್ಟಿ, ಒಂದನ್ನು ನಿಧಾನಿಸಿದರೆ ಗಾಡಿ ಆ ಕಡೆಗೆ ತಿರುಗುತ್ತದೆ. 1958ರ ಜನವರಿ 4ರಂದು ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ಮುಟ್ಟಿದ್ದು ಫರ್ಗ್ಯುಸನ್ ಟ್ರ್ಯಾಕ್ಟರುಗಳಲ್ಲಿ. ಅವೂ ಮೂಲದಲ್ಲಿ ಗಾಲಿಯವೇ. ಹಿಂದಿನ ಗಾಲಿ, ಮುಂದಿನ ಗಾಲಿ ಎರಡನ್ನೂ ಒಂದೇ ಪಟ್ಟಿಯಿಂದ ಸುತ್ತಿದ್ದರು. ಎಟಿವಿಯಲ್ಲಿ ಹಾಗಲ್ಲ. ಇಲ್ಲಿ ನಾಲ್ಕು ಹಬ್ಬಿಗೆ ನಾಲ್ಕು ಪ್ರತ್ಯೇಕ ತ್ರಿಕೋನಾಕಾರದ ಟ್ರ್ಯಾಕುಗಳು, ಮುಂದಿನ ಎರಡು ಗಾಲಿಯಂತೆಯೇ ಹ್ಯಾಂಡಲ್ ತಿರುಗಿಸಿದತ್ತ ತಿರುಗುತ್ತವೆ. ಅಷ್ಟುದ್ದದ ರಬ್ಬರನ್ನು ನಿಂತಲ್ಲೇ ತಿರುಚಲು ಹೋದರೆ ತೋಳು ಸೋಲುತ್ತದೆ, ಟೈ ರಾಡ್ ಬಾಗುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಗೆ ಟ್ರ್ಯಾಕ್ ಹಾಕಿಸಬೇಡಿ ಎಂದೇ ನನ್ನ ಸಲಹೆ. ಇದ್ದರೂ, ಗಾಡಿ ಚಲಿಸುತ್ತಿರುವಾಗ ಮಾತ್ರ ತಿರುಗಿಸಿ.

ತ್ರಿಕೋನದ ಮೇಲಿನ ಮೂಲೆಯಲ್ಲಿ ಹಬ್ಬಿಗೆ ಕಚ್ಚಿಕೊಂಡಿರುವುದು ಸ್ಪ್ರಾಕೆಟ್ ಎಂಬ ಹಲ್ಲುಚಕ್ರ. ಟ್ರ್ಯಾಕಿನ ಪಟ್ಟಿಯ, ಅಂದರೆ ಬೆಲ್ಟಿನ, ಒಳಮೈಯ ರಬ್ಬರ್ ಹಲ್ಲುಗಳನ್ನು ಎಳೆಯುವುದು ಅದೇ. 26 ಇಂಚಿನ ಟೈರು ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗುತ್ತದೆ. ಸ್ಪ್ರಾಕೆಟ್ ಅದಕ್ಕಿಂತ ಚಿಕ್ಕದು. ಒಂದು ಸುತ್ತಿಗೆ 1.4 ಮೀಟರ್ ಬೆಲ್ಟ್ ಎಳೆಯುತ್ತದೆ ಎಂದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿಯ ನಿಜವಾದ ವೇಗ 40ರ ಹತ್ತಿರ. ಗಾಡಿ ಹಾಳಾಗಿದೆ ಎಂದು ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ವೇಗ ಇಳಿದಷ್ಟು ಎಳೆತ ಹೆಚ್ಚಿತೆಂದು ಹಿಗ್ಗಿ ಹೈ ಗೇರಿನಲ್ಲಿ ಆಳದ ಹಿಮಕ್ಕೆ ನುಗ್ಗಿದರೆ ಎಂಜಿನ್ನಿನ ಶಕ್ತಿ ಸಾಗಿಸುವ ಒಳಗಿನ ಡ್ರೈವ್ ಬೆಲ್ಟ್ ಕಾದು ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಲೋ ಗೇರೇ ಸರಿ. ಪೆಟ್ರೋಲ್ ಖರ್ಚು ಏರುವುದಂತೂ ಖಚಿತ, ಅದರ ಚರ್ಚೆ ಬೇಡ.

ಎಲ್ಲಕ್ಕಿಂತ ಹೆಚ್ಚು ಜನ ಕಡೆಗಣಿಸುವ ಭಾಗ ಒಂದು ಸಣ್ಣ ಸರಳು. ಹಬ್ಬಿನ ಸುತ್ತ ತ್ರಿಕೋನ ತೂಗಾಡಬೇಕು, ಇಲ್ಲದಿದ್ದರೆ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುವುದಿಲ್ಲ. ಆದರೆ ಪೂರ್ತಿ ಮಗುಚಲೂ ಬಾರದು. ಅದನ್ನು ತಡೆಯಲು ಟ್ರ್ಯಾಕಿನ ಚೌಕಟ್ಟಿನಿಂದ ಹಬ್ಬನ್ನು ಗಾಡಿಗೆ ಜೋಡಿಸುವ ತೋಳಾದ ಎ-ಆರ್ಮಿಗೆ ಒಂದು ಸರಳು, ಅದರ ತುದಿಗೆ ಪೆಟ್ಟು ತಾಳುವ ರಬ್ಬರ್ ಬುಷ್. ಮಂಡಿಯೂರಿ ಟಾರ್ಚ್ ಬೆಳಕು ಬಿಟ್ಟು ಈ ಬುಷ್ ನೋಡಿದರೆ ಸಾಕು, ಮಾಲೀಕರು ಹೇಗೆ ಓಡಿಸುತ್ತಾರೆಂದು ನನಗೆ ಗೊತ್ತಾಗುತ್ತದೆ. ಒಂದೇ ಮಗ್ಗುಲು ಹಿಸಿದು ಕಪ್ಪು ಪುಡಿ ಉದುರುತ್ತಿದ್ದರೆ ಮರದ ದಿಮ್ಮಿಗಳ ಮೇಲೆ ರಿವರ್ಸ್ ಹೋಗುವ ಚಟವಿದೆ ಎಂದರ್ಥ. ಹಿಂದಕ್ಕೆ ಹೋಗುವಾಗ ಅಡ್ಡ ಏನಾದರೂ ಸಿಕ್ಕರೆ ಟ್ರ್ಯಾಕಿನ ಹಿಂಭಾಗ ಮೇಲೆದ್ದು ಮೂತಿ ನೆಲಕ್ಕೆ ಕುಕ್ಕುತ್ತದೆ, ಆ ಪೆಟ್ಟೆಲ್ಲ ಈ ಬುಷ್ಷಿಗೆ. ಬುಷ್ ಸತ್ತ ಮೇಲೆ ಸರಳು ಬಾಗುತ್ತದೆ, ಆಮೇಲೆ ಎ-ಆರ್ಮಿನ ಸರದಿ.

ಸರಳಿನ ಉದ್ದವನ್ನು ಹೊಂದಿಸಿಯೇ ಮೂತಿಯ ಓರೆ ತೀರ್ಮಾನವಾಗುವುದು. ಟ್ರ್ಯಾಕಿನ ಮುಂಭಾಗ ತುಸು ಎತ್ತಿಕೊಂಡಿರಬೇಕು. ತಗ್ಗಿದರೆ ಮಣ್ಣು ಅಗೆಯುತ್ತದೆ, ಹ್ಯಾಂಡಲ್ ಕಲ್ಲಾಗುತ್ತದೆ. ಎಷ್ಟು ಎತ್ತರ ಎಂಬುದು ಪ್ರತಿ ಕಿಟ್ಟಿನ ಕೈಪಿಡಿಯಲ್ಲಿ ಇರುತ್ತದೆ. ಇಂಟರ್ನೆಟ್ಟಿನ ವಿಡಿಯೋದಲ್ಲಿ ಕಂಡ ಅಳತೆ ನಿಮ್ಮ ಗಾಡಿಯದಲ್ಲ. ಬೆಲ್ಟಿನ ಬಿಗಿತಕ್ಕೂ ಇದೇ ಮಾತು. ಸಡಿಲಾದರೆ ಸ್ಪ್ರಾಕೆಟ್ ಬೆಲ್ಟಿನ ಹಲ್ಲುಗಳ ಮೇಲೆ ಜಾರಿ ಟಕಟಕ ಸದ್ದು, ಬಿಗಿ ಹೆಚ್ಚಿದರೆ ಬೇರಿಂಗಿಗೆ ಕೇಡು. ಮೊದಲ ಕೆಲವು ಗಂಟೆ ಓಡಿಸಿದ ಮೇಲೆ ನಟ್‌ಗಳನ್ನೂ ಬಿಗಿತವನ್ನೂ ಮತ್ತೊಮ್ಮೆ ನೋಡಲೇಬೇಕು.

ಹಲವು ಕಿಟ್ಟುಗಳಲ್ಲಿ ಬೆಲ್ಟು ಪ್ಲಾಸ್ಟಿಕ್ ಹಳಿಯ ಮೇಲೆ ಜಾರುತ್ತದೆ. ಆ ಹಳಿಗೆ ಹಿಮ, ನೀರುಗಳೇ ಎಣ್ಣೆ. ಒಣ ಟಾರು ರಸ್ತೆಯಲ್ಲಿ ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗುತ್ತದೆ. ಸಂಜೆ ಒದ್ದೆ ಹಿಮದಿಂದ ಬಂದ ಗಾಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ, ಒಳಗೆ ತುಂಬಿದ್ದನ್ನು ಕೆರೆದು ತೆಗೆಯಿರಿ. ಬೆಳಗಾಗುವಷ್ಟರಲ್ಲಿ ಟ್ರ್ಯಾಕಿನೊಳಗೆ ಬೆಲ್ಟನ್ನು ಹೊರುವ ಪುಟ್ಟ ಚಕ್ರಗಳೆಲ್ಲ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದರೆ, ಆಕ್ಸಿಲರೇಟರ್ ಒತ್ತಿ ಬಿಡಿಸಲು ಹೋದವರು ಬೆಲ್ಟಿನ ಹಲ್ಲು ಕಿತ್ತುಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಮೀನು ಹಿಡಿಯಲು ಹೆಪ್ಪುಗಟ್ಟಿದ ಕೆರೆಗೆ ಇಳಿಯುವವರು ಇಷ್ಟು ತಿಳಿದಿರಲಿ. ಒತ್ತಡ ಕಡಿಮೆಯಾದ ಮಾತ್ರಕ್ಕೆ ತೆಳು ಮಂಜುಗಡ್ಡೆ ನಿಮ್ಮನ್ನು ತಾಳುವುದಿಲ್ಲ. ತೇಲುವ ಹಾಳೆ ಒಟ್ಟು ಭಾರಕ್ಕೆ ಬಾಗಿ ಸೀಳುತ್ತದೆ, ಟ್ರ್ಯಾಕ್ ಆ ಭಾರವನ್ನು ಹೆಚ್ಚಿಸಿದೆ. ಗಾಲಿಯಿದ್ದಾಗ ಎಷ್ಟು ದಪ್ಪದ ಮಂಜಿಗೆ ಇಳಿಯುತ್ತಿದ್ದಿರೋ ಈಗ ಅದಕ್ಕಿಂತ ದಪ್ಪದ್ದು ಬೇಕು. ಕೊರೆದು ಅಳೆದ ಮೇಲೆಯೇ ಗಾಡಿ ಇಳಿಸಿ.