ಅನಿಲದ ಮೈಕ್ರೋವೇವ್ ರೇಖೆ: ಎತ್ತರವಲ್ಲ, ವಿಸ್ತೀರ್ಣ

ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದೆ, ಮರೆಯುವ ಮೊದಲು ಬರೆದಿಡುತ್ತೇನೆ. ಕಾರ್ಬೊನಿಲ್ ಸಲ್ಫೈಡ್ ಅನಿಲದ 12,163 ಮೆಗಾಹರ್ಟ್ಸ್ ರೇಖೆಯನ್ನು, ಅಂದರೆ ಆ ಆವರ್ತನದಲ್ಲಿ ಅನಿಲ ಮೈಕ್ರೋವೇವ್ ಹೀರುವುದರಿಂದ ದಾಖಲೆಯಲ್ಲಿ ಮೂಡುವ ಶಿಖರವನ್ನು, ನೋಡುತ್ತಿದ್ದೆ. ಅನಿಲ ತುಂಬಿದ ಕೊಳವೆಯಾದ ಕೋಶದೊಳಗಿನ ಒತ್ತಡವನ್ನು ಇಮ್ಮಡಿ ಮಾಡಿದರೂ ರೇಖೆಯ ಎತ್ತರ ಕದಲಲಿಲ್ಲ. ಉಪಕರಣದ ಮೇಲೆ ಅನುಮಾನಪಟ್ಟೆ. ಅದರ ತಪ್ಪೇನೂ ಇರಲಿಲ್ಲ.

ಅಣುಗಳು ಹೆಚ್ಚಿದರೆ ಹೀರಿಕೆಯೂ ಹೆಚ್ಚಬೇಕು, ನಿಜ. ಆದರೆ ಅಣುಗಳು ಹೆಚ್ಚಿದಷ್ಟೂ ಪರಸ್ಪರ ಡಿಕ್ಕಿಯೂ ಹೆಚ್ಚಿ, ರೇಖೆ ಅಗಲವಾಗುತ್ತದೆ. ಲೆಕ್ಕ ಸುಲಭವಾಗಲೆಂದು 10 ಪಾಸ್ಕಲ್‌ನಲ್ಲಿ ಎತ್ತರ 2, ಅರ್ಧ ಅಗಲ 0.5 ಮೆಗಾಹರ್ಟ್ಸ್ ಎನ್ನೋಣ. ಅರ್ಧ ಅಗಲವೆಂದರೆ, ಎತ್ತರ ಅರ್ಧಕ್ಕಿಳಿಯುವ ಬಿಂದುವಿಗೆ ನಡುವಿನಿಂದ ಇರುವ ದೂರ. 20 ಪಾಸ್ಕಲ್‌ನಲ್ಲಿ ಅರ್ಧ ಅಗಲ 1 ಆಗುತ್ತದೆ, ಎತ್ತರ 2 ಆಗಿಯೇ ಉಳಿಯುತ್ತದೆ. ರೇಖೆಯ ಕೆಳಗಿನ ವಿಸ್ತೀರ್ಣವೆಂದರೆ ಪೈ × ಎತ್ತರ × ಅರ್ಧ ಅಗಲ. ಅದು ಪೈಯಿಂದ ಎರಡು ಪೈಗೆ ಏರುತ್ತದೆ. ಅಣುಗಳ ಎಣಿಕೆ ಅಡಗಿರುವುದು ಅಲ್ಲಿ. ಮಿಶ್ರಣದಲ್ಲಿ ಎತ್ತರ ಇನ್ನೂ ಮೋಸ ಮಾಡುತ್ತದೆ: ಜೊತೆಯ ಪ್ರತಿಯೊಂದು ಅನಿಲವೂ ರೇಖೆಯನ್ನು ತನ್ನದೇ ಪ್ರಮಾಣದಲ್ಲಿ ಅಗಲಿಸುವುದರಿಂದ, ಶುದ್ಧ ಅನಿಲದಲ್ಲಿ ಮಾಡಿದ ಎತ್ತರದ ಮಾಪನಾಂಕ ನಿರ್ಣಯ (ಎತ್ತರದಿಂದ ಅನಿಲದ ಪ್ರಮಾಣ ತಿಳಿಯುವ ಲೆಕ್ಕ) ಅಲ್ಲಿ ಸಲ್ಲದು.

ವಿಸ್ತೀರ್ಣಕ್ಕೂ ಒಂದು ಕಾಟವಿದೆ. ಡಿಕ್ಕಿಗಳಿಂದ ಅಗಲವಾದ ರೇಖೆಯ ಆಕಾರಕ್ಕೆ ಲೊರೆಂಟ್ಸ್ ಆಕಾರವೆಂದು ಹೆಸರು; ಅದರ ರೆಕ್ಕೆಗಳು, ಅಂದರೆ ಎರಡೂ ಬದಿಯ ಇಳಿಜಾರುಗಳು, ಬೇಗ ಮುಗಿಯುವುದಿಲ್ಲ. ನಡುವಿನಿಂದ ಎರಡೂ ಕಡೆ ಅರ್ಧ ಅಗಲದ ಹತ್ತು ಪಟ್ಟು ದೂರ ಕೂಡಿಸಿದರೂ ಸಿಗುವುದು ಶೇ 94 ಮಾತ್ರ. ಐದು ಪಟ್ಟಿಗೆ ನಿಲ್ಲಿಸಿದರೆ ಶೇ 87. ಹಾಗಾಗಿ ನಾನು ಬಿಂದುಗಳನ್ನು ಕೂಡಿಸುವುದನ್ನೇ ಬಿಟ್ಟು, ಬಿಂದುಗಳಿಗೆ ಲೊರೆಂಟ್ಸ್ ವಕ್ರರೇಖೆಯನ್ನು ಹೊಂದಿಸಿ ಅದರಿಂದ ವಿಸ್ತೀರ್ಣ ತೆಗೆಯುತ್ತೇನೆ. ಖಾಲಿ ಕೋಶದ ದಾಖಲೆಯನ್ನು ಮೊದಲೇ ಕಳೆದಿರಬೇಕು, ಇಲ್ಲವಾದರೆ ಕೊಳವೆಯೊಳಗಿನ ಪ್ರತಿಫಲನದ ಅಲೆಗಳೇ ರೆಕ್ಕೆಯಂತೆ ಕಾಣುತ್ತವೆ.

ನನ್ನ ಮೆಚ್ಚಿನ ಪರೀಕ್ಷೆ: ಮೈಕ್ರೋವೇವ್ ಶಕ್ತಿಯನ್ನು ಅರ್ಧಕ್ಕಿಳಿಸಿ, ಒಳಬಂದ ಶಕ್ತಿಯಲ್ಲಿ ಹೀರಿಕೆಯಾದ ಪಾಲನ್ನು ಮತ್ತೆ ಅಳೆಯುವುದು. ಪಾಲು ಬದಲಾಗದಿದ್ದರೆ ಸರಿ. ಹೆಚ್ಚಿದರೆ, ಮೊದಲಿನ ಅಳತೆಯಲ್ಲಿ ರೇಖೆ ಸಂತೃಪ್ತವಾಗಿತ್ತು ಎಂದರ್ಥ: ಮೇಲಿನ ಮಟ್ಟಕ್ಕೇರಿದ ಅಣುಗಳು ಡಿಕ್ಕಿಯಿಂದ ಕೆಳಗಿಳಿಯುವಷ್ಟರಲ್ಲಿ ಇನ್ನಷ್ಟು ಅಣುಗಳು ಏರಿರುತ್ತವೆ, ಹೀರಲು ಕೆಳಗೆ ಉಳಿಯುವವು ಕಡಿಮೆಯಾಗುತ್ತವೆ. ಒತ್ತಡ ಕಡಿಮೆಯಿದ್ದಾಗ ಇದು ಹೆಚ್ಚು. ಆಗ ಎತ್ತರ ತಗ್ಗುತ್ತದೆ, ಅಗಲ ಹಿಗ್ಗುತ್ತದೆ, ವಿಸ್ತೀರ್ಣವೂ ಕುಗ್ಗುತ್ತದೆ. ಅಗಲವನ್ನಷ್ಟೇ ನೋಡಿದವನು ಒತ್ತಡ ಹೆಚ್ಚಿದೆಯೆಂದು ತಿಳಿಯುತ್ತಾನೆ. ನಾನೂ ಹಾಗೆಯೇ ತಿಳಿದಿದ್ದೆ.

ತಾಪಮಾನ: ಮುಚ್ಚಿದ ಕೋಶದಲ್ಲಿ ಇಂಥ ಸರಳರೇಖೀಯ (ಪರಮಾಣುಗಳು ಒಂದೇ ಸಾಲಿನಲ್ಲಿರುವ) ಅಣುವಿನ ಕೆಳಹಂತದ, ಅಂದರೆ ಕಡಿಮೆ ಶಕ್ತಿಯ ಮಟ್ಟದಿಂದ ಹೊರಡುವ, ರೇಖೆಯ ವಿಸ್ತೀರ್ಣ ತಾಪಮಾನದ ವರ್ಗಕ್ಕೆ ವಿಲೋಮ. 300 ಕೆಲ್ವಿನ್‌ನಲ್ಲಿ 3 ಕೆಲ್ವಿನ್ ತಪ್ಪಿದರೆ ಉತ್ತರ ಸುಮಾರು ಶೇ 2 ತಪ್ಪುತ್ತದೆ. ಅಮೋನಿಯವಾದರೆ ಗೋಡೆಗೂ ಅಂಟಿಕೊಳ್ಳುತ್ತದೆ. ತುಂಬಿದಾಗಿನ ಒತ್ತಡವನ್ನು ನಂಬದೆ ಅಳೆಯುವ ಹೊತ್ತಿನದನ್ನೇ ಬರೆದುಕೊಳ್ಳಿ.